ಎಸ್ಟಿಮೇಟ್ ಬರೆಯುವ ಮೊದಲು ನಮ್ಮನ್ನು ಕರೆಯಿರಿ

ಬಾಗಲಕೋಟೆ ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ), ಕಾಮಗಾರಿಗಳ ಅಂದಾಜು ಬರೆಯುವ ಎಂಜಿನಿಯರುಗಳಿಗೆ, ಮತ್ತು ಅವಕ್ಕೆ ಮಂಜೂರಾತಿ ಕೊಡುವ ಜಿಲ್ಲೆಯ ದೊಡ್ಡ ಸಾಹೇಬರಿಗೆ,

ನಮಸ್ಕಾರ.

ನಮ್ಮೂರಿನ ಪಂಚಾಯಿತಿ ಆಫೀಸಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ತೆಗೆದುಕೊಡುತ್ತೇನೆ. ಅರ್ಜಿ ಟೈಪ್ ಮಾಡುತ್ತೇನೆ. ಬ್ಯಾನರ್ ಆರ್ಡರ್ ಬಂದರೆ ಡಿಸೈನ್ ಮಾಡಿ ಪಟ್ಟಣಕ್ಕೆ ಕಳುಹಿಸಿ ಪ್ರಿಂಟ್ ಹಾಕಿಸುತ್ತೇನೆ. ಒಂದು ಸಲ ಗ್ರಾಮ ಸಭೆಗೆ ಬ್ಯಾನರ್ ಬೇಕು ಅಂತ ಪಂಚಾಯಿತಿಯಿಂದ ಒಬ್ಬ ಹುಡುಗ ಬಂದ. ಎಲ್ಲ ಬರೆಸಿದ. ಕೊನೆಗೆ ಹೇಳಿದ: “ದಿನಾಂಕ ಹಾಕಬ್ಯಾಡ್ರಿ ಅಣ್ಣಾರ, ಜಾಗ ಖಾಲಿ ಬಿಡ್ರಿ. ಸಲ ಸಲ ಹೊಸಾದ ಯಾಕ ಮಾಡಿಸಬೇಕು? ನಾವ ಚೀಟಿ ಅಂಟಸ್ತೀವಿ.”

ಬ್ಯಾನರ್ ಈಗಲೂ ಗಟ್ಟಿಮುಟ್ಟಾಗಿದೆ. ದಿನಾಂಕದ ಜಾಗದಲ್ಲಿ ಮೂರು ಚೀಟಿ ಒಂದರ ಮೇಲೊಂದು ಅಂಟಿಕೊಂಡಿವೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಜನರ ಸಹಭಾಗಿತ್ವವೇ ಅಭಿವೃದ್ಧಿಯ ಬುನಾದಿ’ ಎಂದಿದೆ. ಆ ಸಾಲು ಟೈಪ್ ಮಾಡಿದವನು ನಾನೇ. ಹಳದಿ ಬಣ್ಣ ಕೊಟ್ಟವನೂ ನಾನೇ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಒಂದೂರಿನ ಜಗಳ ಆಗಿಬಿಡುತ್ತದೆ. ನಾಳೆ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆರೆಯಬೇಕು, ಎದುರಿನ ಆಫೀಸಿನವರ ಮುಖ ನೋಡಬೇಕು. ಇದು ಹಗೆಯ ಪತ್ರ ಅಲ್ಲ. ಇಷ್ಟಕ್ಕೂ ಇಲ್ಲಿ ಹೇಳುವ ತಪ್ಪಿನಲ್ಲಿ ನನ್ನ ಸಹಿಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗ್ರಾಮ ಸಭೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಹನುಮಪ್ಪನ ಗುಡಿ ಕಟ್ಟೆ. ಬೆಳಿಗ್ಗೆ 11 ಗಂಟೆ ಅಂತ ಡಂಗುರ ಸಾರಿರುತ್ತಾರೆ. 12ಕ್ಕೆ ಕುರ್ಚಿ ಬರುತ್ತವೆ, 12:30ಕ್ಕೆ ನೋಡಲ್ ಅಧಿಕಾರಿ ಬರುತ್ತಾರೆ. ಸಭೆ ಶುರುವಾಗುವ ಮೊದಲೇ ಒಂದು ರಿಜಿಸ್ಟರ್ ಕೈಯಿಂದ ಕೈಗೆ ಹೋಗುತ್ತದೆ. ಮೇಲೆ ಅರ್ಧ ಪುಟ ಖಾಲಿ, ಕೆಳಗೆ ಸಹಿಗೆ ಗೆರೆಗಳು. ಸಹಿ ಬಾರದವರಿಗೆ ಶಾಯಿಯ ಡಬ್ಬಿ. ಮೇಲಿನ ಖಾಲಿ ಜಾಗದಲ್ಲಿ ಠರಾವು, ಅಂದರೆ ಸಭೆಯ ನಿರ್ಣಯ, ಬರುತ್ತದೆ. ಯಾವಾಗ ಬರುತ್ತದೆ ಅಂದರೆ ಸಂಜೆ, ನಾವೆಲ್ಲ ಮನೆಗೆ ಹೋದ ಮೇಲೆ. ಅಷ್ಟರೊಳಗೆ ಒಂದು ಫೋಟೊ, ಚಹಾ, ಚುರುಮುರಿ. ಯಾರಿಗೆ ಮನೆ ಬಂತು, ಯಾರಿಗೆ ಬರಲಿಲ್ಲ ಅಂತ ಅರ್ಧ ಗಂಟೆ ಕೂಗಾಟ. ವಂದನಾರ್ಪಣೆ. ಮುಗೀತು.

ಕಾನೂನು ಹೇಳೋದು ಬೇರೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಈಗ ಅದರ ಹೆಸರಿನಲ್ಲೇ ‘ಗ್ರಾಮ ಸ್ವರಾಜ್’ ಸೇರಿಕೊಂಡಿದೆ. ಅದರ ಪ್ರಕಾರ ಮೊದಲು ಓಣಿ ಮಟ್ಟದಲ್ಲಿ ವಾರ್ಡ್ ಸಭೆ ಆಗಬೇಕು. ಅಲ್ಲಿ ಎದ್ದ ಬೇಡಿಕೆಗಳು ಗ್ರಾಮ ಸಭೆಗೆ ಬರಬೇಕು. ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಜನ ಇರಬೇಕು. ನಮ್ಮೂರಲ್ಲಿ ಜಾತ್ರೆ ತೇರಿನ ಹಗ್ಗ ಹಿಡಿಯೋಕೆ ಇದಕ್ಕಿಂತ ಜಾಸ್ತಿ ಜನ ಬರುತ್ತಾರೆ. ಗ್ರಾಮ ಸಭೆಗೆ ಮಾತ್ರ ಸಹಿ ತುಂಬಿಸೋಕೆ ನನ್ನ ಅಂಗಡಿಗೇ ರಿಜಿಸ್ಟರ್ ಬಂದದ್ದಿದೆ. “ಇಲ್ಲೇ ಇಟ್ಟಿರ್ತೀನಿ, ಬಂದವರ ಕಡೆ ಒಂದೊಂದು ಸಹಿ ಮಾಡಸ್ರಿ” ಅಂತ. ನಾನು ಮಾಡಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಈಗ ನೀರಿನ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2019ರಲ್ಲಿ ಜಲಜೀವನ್ ಮಿಷನ್ ಬಂತು. ಮನೆಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಒಳ್ಳೆಯ ಯೋಜನೆ. ಅದರ ನಿಯಮಗಳು ಇನ್ನೂ ಒಳ್ಳೆಯವು. ಪ್ರತಿ ಊರಿಗೆ ಒಂದು ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಅದರಲ್ಲಿ ಅರ್ಧ ಹೆಣ್ಣುಮಕ್ಕಳು. ಊರಿನ ಯೋಜನೆಯನ್ನು ಆ ಸಮಿತಿಯೇ ಕುಳಿತು ಮಾಡಬೇಕು, ಗ್ರಾಮ ಸಭೆ ಒಪ್ಪಬೇಕು. ಊರೊಳಗಿನ ಕಾಮಗಾರಿಯ ಖರ್ಚಿನಲ್ಲಿ 100ಕ್ಕೆ 10 ರೂಪಾಯಿ ಊರವರ ವಂತಿಗೆ. ಪರಿಶಿಷ್ಟರು ಹೆಚ್ಚಿರುವ ಊರಲ್ಲಿ 5 ರೂಪಾಯಿ. ಹಣ ಇಲ್ಲದವರು ದುಡಿದೂ ಕೊಡಬಹುದು.

ಒಂದು ದಿನ ಯಾರೋ ಒಂದು ಕಾಗದ ಪ್ರತಿ ತೆಗೆಸೋಕೆ ಬಂದರು. ನಾನು ಮಷೀನಿಗೆ ಇಡುವಾಗ ಕಣ್ಣು ಹಾಯಿಸಿದೆ. ಆ ಸಮಿತಿಯ ಸದಸ್ಯರ ಪಟ್ಟಿ. ಏಳನೇ ನಂಬರ್ ನಾನು! ಹೆಸರಿನ ಮುಂದೆ ‘ಪ್ರಗತಿಪರ ರೈತರು’ ಎಂದಿತ್ತು. ನನಗೆ ಇರೋದು ಒಂದು ಝೆರಾಕ್ಸ್ ಮಷೀನು, ಒಂದು ಪ್ರಿಂಟರ್. ಹೊಲ ನನ್ನ ಅಣ್ಣಂದು. ಪಕ್ಕದಲ್ಲಿ ನನ್ನ ಸಹಿಯೂ ಇತ್ತು, ಅದು ನನ್ನದೇ ಸಹಿ. ಯಾವ ಕಟ್ಟೆಯ ಮೇಲೆ ಯಾವ ರಿಜಿಸ್ಟರಿಗೆ ಹಾಕಿದ್ದೆನೋ ನೆನಪಿಲ್ಲ. ಸದಸ್ಯ ಆಗಿ ಎಷ್ಟು ದಿನ ಆಗಿತ್ತೋ ಅದೂ ಗೊತ್ತಿಲ್ಲ. ಪ್ರತಿ ತೆಗೆದುಕೊಟ್ಟೆ. ಎರಡು ರೂಪಾಯಿ ತಗೊಂಡೆ.

ಆಮೇಲೆ ಕೆಲಸ ಆಯಿತು. ಪೈಪ್ ಬಂತು, ನಲ್ಲಿ ಬಂತು, ಪ್ರತಿ ನಲ್ಲಿಗೊಂದು ಸಿಮೆಂಟ್ ಕಟ್ಟೆ ಬಂತು. ಕೆಳಗಿನ ಓಣಿಯಲ್ಲಿ ನೀರು ಜೋರಾಗಿ ಬಂತು. ಮೇಲಿನ ಓಣಿಯಲ್ಲಿ ನಲ್ಲಿ ಬಂತು, ನೀರು ಬರಲಿಲ್ಲ. ಮುಂಜಾನೆ ಒಂದಿಷ್ಟು ಗಾಳಿ ಬುಸುಗುಡುತ್ತದೆ, ಆಮೇಲೆ ಎರಡು ಕೊಡ ನೀರು, ಆಮೇಲೆ ಮತ್ತೆ ಗಾಳಿ. ಮೇಲಿನ ಓಣಿಯವರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಊರಿನ ಯಾವ ದಿಕ್ಕಿಗೆ ಯಾರ ಮನೆ ಇರುತ್ತವೆ ಅನ್ನೋದು ನಿಮಗೂ ಗೊತ್ತು.

ನಮ್ಮೂರಲ್ಲಿ ನೀರು ಬಿಡುವವ ಒಬ್ಬನಿದ್ದಾನೆ. 20 ವರ್ಷದಿಂದ ಅದೇ ಕೆಲಸ. ಯಾವ ಓಣಿಗೆ ಎಷ್ಟು ಹೊತ್ತು ಬಿಡಬೇಕು, ಯಾವ ಜಾಯಿಂಟ್ ಎಲ್ಲಿ ಸೋರುತ್ತದೆ, ಕರೆಂಟ್ ಹೋದರೆ ಮೊದಲು ಯಾವುದನ್ನು ಮುಚ್ಚಬೇಕು, ಎಲ್ಲ ಅವನ ತಲೆಯಲ್ಲೇ ಇದೆ. ಅವನು ಒಮ್ಮೆ ಪಾಸ್‌ಬುಕ್ ಪ್ರತಿ ತೆಗೆಸೋಕೆ ಬಂದಾಗ ಕೇಳಿದೆ, ಮೇಲಿನ ಓಣಿಗೆ ಯಾಕೆ ನೀರು ಏರುತ್ತಿಲ್ಲ ಅಂತ. ಅವನು ನಕ್ಕ. ನನ್ನ ಟೇಬಲ್ ಮೇಲಿದ್ದ ಹಾಳೆ ತಗೊಂಡು ಗೆರೆ ಎಳೆದ. ಹಳೆಯ ಲೈನಿನಲ್ಲಿ ಮಠದ ಹತ್ತಿರ ಒಂದು ವಾಲ್ ಇತ್ತು. ಮೊದಲ ಅರ್ಧ ತಾಸು ಅವನು ಅದನ್ನು ಮುಚ್ಚುತ್ತಿದ್ದ. ನೀರು ಕೆಳಗಿನ ಓಣಿಗೆ ಓಡದೆ ಮೇಲೆ ಏರುತ್ತಿತ್ತು. ಆಮೇಲೆ ತೆರೆಯುತ್ತಿದ್ದ. ಹೊಸ ಲೈನಿನಲ್ಲಿ ಆ ವಾಲ್ ಇಲ್ಲ. ಎಸ್ಟಿಮೇಟ್‌ನಲ್ಲಿ ಇರಲಿಲ್ಲ, ಹಾಗಾಗಿ ಹಾಕಲಿಲ್ಲ. “ಒಂದ ವಾಲ್ ಸಾಕಿತ್ರಿ,” ಅಂದ. “ಮತ್ತ ನೀ ಯಾಕ ಹೇಳಲಿಲ್ಲ?” ಅಂದೆ. “ನನ್ನ ಯಾರ ಕೇಳ್ಯಾರ್ರೀ?”

ಈಗ ಹಾಕಬಹುದಲ್ವಾ, ಒಂದೇ ವಾಲ್ ತಾನೇ? ಆಗೋದಿಲ್ಲ. ಪೈಪ್ ಹಾಕಿದ ತಿಂಗಳೊಪ್ಪತ್ತಿನಲ್ಲಿ ಅದರ ಮೇಲೆ ಸಿಮೆಂಟ್ ಕಾಂಕ್ರೀಟಿನ ರಸ್ತೆ ಬಂತು. ಅದು ಬೇರೆ ಯೋಜನೆ, ಬೇರೆ ದುಡ್ಡು, ಬೇರೆ ಗುತ್ತಿಗೆದಾರ. ಈಗ ವಾಲ್ ಹಾಕಬೇಕಾದರೆ ರಸ್ತೆ ಒಡೆಯಬೇಕು. ರಸ್ತೆ ಒಡೆಯಬೇಕಾದರೆ ಇನ್ನೊಂದು ಎಸ್ಟಿಮೇಟ್ ಬೇಕು.

ಎಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಅವರಿಗೆ ಹತ್ತಾರು ಊರು. ನಕಾಶೆ ನೋಡಿ, ಬೈಕ್ ಮೇಲೆ ಒಂದು ಸುತ್ತು ಹೊಡೆದು ಹೋಗಿರುತ್ತಾರೆ. ನೀರು ಬಿಡುವವನ ಜೊತೆ ಒಂದು ತಾಸು ನಡೆದಿದ್ದರೆ ಸಾಕಿತ್ತು. ಮೇಲಿನ ಓಣಿಯ ಯಾವ ಹೆಣ್ಣುಮಗಳನ್ನು ಕೇಳಿದ್ದರೂ ಹೇಳುತ್ತಿದ್ದಳು. ಕೊಡ ಹೊತ್ತವರಿಗೆ ಊರಿನ ಏರು ಇಳಿವು ಸೊಂಟಕ್ಕೇ ಗೊತ್ತಿರುತ್ತದೆ.

ನೀವು ಫೈಲಿನಲ್ಲಿ ‘ಸಹಭಾಗಿತ್ವ’ ಅಂತ ಬರೆಯುತ್ತೀರಿ. ಉದ್ದನೆಯ ಶಬ್ದ. ನಮ್ಮ ಕಡೆ ಅದಕ್ಕೆ ಎರಡೇ ಅಕ್ಷರ: ಪಾಲು. ಒಬ್ಬನ ಹೊಲ, ಒಬ್ಬನ ದುಡಿಮೆ. ಯುಗಾದಿ ಹೊತ್ತಿಗೆ ಕುಳಿತು ಮಾತಾಡುತ್ತಾರೆ. ಬೀಜ ಯಾರದು? ಗೊಬ್ಬರ ಯಾರದು? ಎತ್ತು ಯಾರವು? ಮೋಟರ್ ಸುಟ್ಟರೆ ರಿಪೇರಿ ಯಾರ ಲೆಕ್ಕಕ್ಕೆ? ರಾಶಿ ಆದ ಮೇಲೆ ಕಾಳು ಎಷ್ಟು, ಕಣಿಕೆ ಎಷ್ಟು? ಇಬ್ಬರೂ ಒಪ್ಪಿದ ಮೇಲೆ ಕೂರಿಗೆ ಹೂಡೋದು. ಓದು ಬಾರದ ಮುದುಕನಿಗೂ ಇದು ಗೊತ್ತು. ಬಿತ್ತಿ, ಎಡೆ ಹೊಡೆದು, ತೆನೆ ಬಂದ ಮೇಲೆ ಪಾಲುಗಾರನನ್ನು ಕರೆದು “ಇಲ್ಲೊಂದು ಸಹಿ ಹಾಕು, ನೀನೂ ಪಾಲುದಾರ” ಅಂದರೆ ಅವನು ಏನಂತಾನೆ? ನಗುತ್ತಾನೆ. ಇಲ್ಲ, ಬಡಿಗೆ ತಗೊಳ್ಳುತ್ತಾನೆ.

ಆ ನೀರಿನ ಯೋಜನೆಯಲ್ಲಿ 100ಕ್ಕೆ 10 ನಮ್ಮ ಪಾಲು ಅಂತ ನಿಯಮವೇ ಹೇಳುತ್ತದೆ. ಹಾಗಾದರೆ ಮಾತೂ ಮೊದಲೇ ಆಗಬೇಕು.

ಇದು ಒಂದು ವಾಲಿನ ಮಾತು ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2009ರ ನೆರೆ ನೆನಪಿದೆ ಅಲ್ವಾ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಮಲಪ್ರಭೆ ದಂಡೆಯ ಊರೂರೇ ನೀರಲ್ಲಿ ನಿಂತಿದ್ದವು. ಆಗ ‘ಆಸರೆ’ ಯೋಜನೆ ಬಂತು. ಸರ್ಕಾರ ಜಾಗ ಕೊಟ್ಟಿತು. ಮಠಗಳು, ಕಂಪನಿಗಳು, ದಾನಿಗಳು ಮನೆ ಕಟ್ಟಿಸಿಕೊಟ್ಟರು. ಅವರೆಲ್ಲ ಪುಣ್ಯವಂತರು, ಆ ಹೊತ್ತಿನಲ್ಲಿ ಕೈ ಹಿಡಿದರು. ನನ್ನ ಅಕ್ಕನಿಗೂ ಒಂದು ಮನೆ ಬಂತು. ನಾನು ನೋಡೋಕೆ ಹೋಗಿದ್ದೆ. ಗೋಡೆ ಗಟ್ಟಿ, ಬಣ್ಣ ಹೊಸದು, ಸಾಲಾಗಿ ಒಂದೇ ಥರ ಮನೆಗಳು. ಭಾವ ಎಮ್ಮೆಯ ಹಗ್ಗ ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ. ಕಟ್ಟೋಕೆ ಜಾಗ ಇಲ್ಲ.

ನಮ್ಮ ಹಳೆಯ ಮನೆಗಳನ್ನು ನೋಡಿದವರಿಗೆ ಇದು ಅರ್ಥ ಆಗುತ್ತದೆ. ಬಾಗಿಲು ದಾಟಿದ ಕೂಡಲೇ ದನ. ಗ್ವಾದಲಿ, ಅಂದರೆ ದನಕ್ಕೆ ಮೇವು ಹಾಕುವ ಜಾಗ, ಮನೆಯೊಳಗೇ. ನಾಲ್ಕು ಮೆಟ್ಟಿಲು ಹತ್ತಿದರೆ ಪಡಸಾಲೆ, ಅಲ್ಲಿ ಜನ. ನೇಕಾರರ ಮನೆಯಾದರೆ ನಡುಮನೆಯಲ್ಲಿ ಕುಣಿ ತೋಡಿ ಮಗ್ಗ ಹೂಡಿರುತ್ತಾರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಹುಟ್ಟಿದ್ದು ಅಂಥ ಕುಣಿಯಲ್ಲೇ. ಹೊಸ ಮನೆಯಲ್ಲಿ ಎರಡು ಸಣ್ಣ ಕೋಣೆ. ಮಗ್ಗಕ್ಕೆ ಜಾಗ ಇಲ್ಲ, ದನಕ್ಕೆ ಜಾಗ ಇಲ್ಲ, ಜೋಳದ ಚೀಲಕ್ಕೂ ಜಾಗ ಇಲ್ಲ. ಹೊಲ ಬೇರೆ ದೂರ. ಅಕ್ಕ ಎರಡು ವರ್ಷ ಇದ್ದು ಹಳೆಯ ಮನೆಗೇ ಗೋಡೆ ಎತ್ತಿಕೊಂಡು ವಾಪಸ್ ಹೋದಳು. 2019ರಲ್ಲಿ ಮಲಪ್ರಭೆ ಮತ್ತೆ ಬಂದಳು. ಮತ್ತೆ ಗಂಜಿ ಕೇಂದ್ರ.

ಜನರಿಗೆ ಬುದ್ಧಿ ಇಲ್ಲ, ಕಟ್ಟಿಸಿಕೊಟ್ಟ ಮನೆ ಬಿಟ್ಟು ಹೊಳೆ ದಂಡೆಗೇ ಹೋಗುತ್ತಾರೆ ಅಂತ ಪಟ್ಟಣದವರು ಅಂದದ್ದನ್ನು ನಾನೇ ಕೇಳಿದ್ದೇನೆ. ಎಮ್ಮೆ ಎಲ್ಲಿ ಕಟ್ಟುತ್ತೀ ಅಂತ ನಕ್ಷೆ ಬರೆಯುವಾಗ ಒಬ್ಬರು ಕೇಳಿದ್ದರೆ ಸಾಕಿತ್ತು.

ಹಾಗಂತ ಜನರಿಗೆ ಬಿಟ್ಟರೆ ಏನೂ ಆಗೋದಿಲ್ಲ ಅನ್ನುವವರಿಗೆ ನಾನು ಜಮಖಂಡಿ ಕಡೆ ಕೈ ತೋರಿಸುತ್ತೇನೆ. ಚಿಕ್ಕಪಡಸಲಗಿ. ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜ್ ಬೇಕು ಅಂತ ಅಲ್ಲಿನ ರೈತರು ಎಷ್ಟು ಅರ್ಜಿ ಕೊಟ್ಟಿದ್ದರೋ. ಬೇಸಿಗೆಯಲ್ಲಿ ಹೊಳೆ ಒಣಗುತ್ತಿತ್ತು, ಪಂಪ್‌ಸೆಟ್ ಸುಮ್ನೆ ನಿಲ್ಲುತ್ತಿದ್ದವು. ಕೊನೆಗೆ ಕೃಷ್ಣಾ ತೀರ ರೈತ ಸಂಘ ಅಂತ ಮಾಡಿಕೊಂಡು, ತಾವೇ ಹಣ ಕೂಡಿಸಿ, ತಾವೇ ದುಡಿದು ಬ್ಯಾರೇಜ್ ಕಟ್ಟಿದರು. 1989ರಲ್ಲಿ ಅದು ನಿಂತಿತು. ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತು ಮಾಡಿಸಿದ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಅಂತಲೇ ಹೆಸರು ಬಿತ್ತು. ಆಗ ನಾವಿನ್ನೂ ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ.

ಆ ಕಡೆಯ ಹಿರಿಯರು ಈಗಲೂ ಅದರ ಮಾತು ಬಂದರೆ ಎದ್ದು ಕೂರುತ್ತಾರೆ. ಅವರ ಮಾತಿನಲ್ಲಿ ನನಗೆ ಹಿಡಿಸಿದ್ದು ಒಂದೇ. “ನಮ್ಮ ಬ್ಯಾರೇಜ್” ಅನ್ನುತ್ತಾರೆ. ನಮ್ಮೂರಿನ ಹೊಸ ನಲ್ಲಿಗೆ ಯಾರೂ “ನಮ್ಮ ನಲ್ಲಿ” ಅನ್ನುವುದಿಲ್ಲ. “ಪಂಚಾಯ್ತಿ ನಳ” ಅನ್ನುತ್ತಾರೆ. ತಿರುಪು ಮುರಿದರೆ ಹಾಗೇ ಬಿಡುತ್ತಾರೆ.

ಇಲ್ಲೊಂದು ತಮಾಷೆಯೂ ಇದೆ. ಪಂಚಾಯಿತಿಗಳಿಗೆ ನಿಜವಾದ ಬಲ ಬಂದಿದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರು ಹಟ ಹಿಡಿದು 1983ರ ಕಾಯ್ದೆ ತಂದರು, ಈಗಿನ ಕಾಯ್ದೆಗಿಂತ ಹಿಂದಿನದು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನಿಸಿಕೊಂಡರು. 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ 100ಕ್ಕೆ 25 ಸ್ಥಾನ ಆಗಲೇ ಮೀಸಲಾಗಿತ್ತು. ಪಂಚಾಯಿತಿಗಳ ಬಗ್ಗೆ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದಿದ್ದು ಅದಾದ ಎಷ್ಟೋ ವರ್ಷಕ್ಕೆ, 1993ರ ಏಪ್ರಿಲ್ 24ಕ್ಕೆ. ಅದೇ ಹೆಗಡೆಯವರು 1991ರಲ್ಲಿ ನಮ್ಮ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಸೋಲಿಸಿದವರು ಬ್ಯಾರೇಜ್ ಸಿದ್ದು. ಅಧಿಕಾರ ಕೆಳಗೆ ಕೊಟ್ಟವರನ್ನು ಕೆಳಗಿನಿಂದ ಕಟ್ಟಿದವರು ಸೋಲಿಸಿದರು. ಚುನಾವಣೆಗೆ ಬೇರೆ ನೂರು ಕಾರಣ ಇರುತ್ತವೆ ಬಿಡಿ. ನನಗಂತೂ ಇಬ್ಬರ ಮೇಲೂ ಗೌರವ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಎಲ್ಲವನ್ನೂ ಜನರೇ ಮಾಡಿಕೊಳ್ಳಲಿ ಅಂತ ನಾನು ಹೇಳುತ್ತಿಲ್ಲ. ಶ್ರಮದಾನ ಅಂದ ಕೂಡಲೇ ಕೆಲವು ಸಾಹೇಬರ ಕಣ್ಣು ಹೊಳೆಯುತ್ತದೆ, ಖರ್ಚು ಉಳಿಯಿತು ಅಂತ. ಬ್ಯಾರೇಜ್ ಕಟ್ಟೋದು ರೈತರ ಕೆಲಸ ಆಗಬಾರದಿತ್ತು. ಸರ್ಕಾರ ಮಾಡಲಿಲ್ಲ ಅಂತ ಅವರು ಮಾಡಿದರು. ನಾವು ತೆರಿಗೆ ಕಟ್ಟುತ್ತೇವೆ. ಪೈಪ್ ನೀವೇ ಹಾಕಿ. ಎಲ್ಲಿ ಹಾಕಬೇಕು ಅನ್ನೋದನ್ನು ನಮ್ಮ ಜೊತೆ ಕೂಡಿ ಬರೆಯಿರಿ ಅನ್ನೋದು ನನ್ನ ಮಾತು.

ಕೂಡಿ ಕುಳಿತು ತೀರ್ಮಾನ ಮಾಡುವ ರೂಢಿ ನಮಗೆ ಇಲ್ಲದ್ದೇನಲ್ಲ. ಜಾತ್ರೆಗೆ ತಿಂಗಳಿರುವಾಗ ಊರಿನ ದೈವ ಕೂಡುತ್ತದೆ. ನಮ್ಮ ಕಡೆ ದೈವ ಅಂದರೆ ಊರವರ ಕೂಟ. ಮನೆಗೆಷ್ಟು ಪಟ್ಟಿ, ಅಂದರೆ ವಂತಿಗೆ, ಅಂತ ಅಲ್ಲೇ ಗೊತ್ತಾಗುತ್ತದೆ. ತೇರಿನ ಗಾಲಿ ರಿಪೇರಿಗೆ ಎಷ್ಟು, ನಾಟಕದ ಸ್ಟೇಜಿಗೆ ಎಷ್ಟು, ದಾಸೋಹಕ್ಕೆ ಯಾರು ಎಷ್ಟು ಚೀಲ ಗೋಧಿ. ಜಾತ್ರೆ ಮುಗಿದ ವಾರದಲ್ಲಿ ಅದೇ ಕಟ್ಟೆಯ ಮೇಲೆ ಲೆಕ್ಕ ಓದುತ್ತಾರೆ. ಬೆಲ್ಲ ಇಷ್ಟು, ಮೈಕ್ ಸೆಟ್ ಇಷ್ಟು, ಬ್ಯಾಂಡಿನವರಿಗೆ ಇಷ್ಟು, ಉಳಿದದ್ದು ಇಷ್ಟು. ಐವತ್ತು ರೂಪಾಯಿ ಹೆಚ್ಚುಕಮ್ಮಿ ಆದರೆ ರಾತ್ರಿ ಹತ್ತರ ತನಕ ಜಗಳ. ಅದೇ ಜನ ಪಂಚಾಯಿತಿಯ ಲಕ್ಷಗಟ್ಟಲೆ ರೂಪಾಯಿಯ ಜಮಾಬಂದಿಗೆ, ಅಂದರೆ ಜನರ ಮುಂದೆ ಲೆಕ್ಕ ತಪಾಸಣೆ ಮಾಡುವಲ್ಲಿಗೆ, ಬರೋದಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿ ಆಗುತ್ತದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಾತ್ರೆ ಲೆಕ್ಕ ಓದುವಾಗ ಅದು ತಮ್ಮ ಪಟ್ಟಿ ಹಣ ಅಂತ ಅವರಿಗೆ ನೆನಪಿರುತ್ತದೆ.

ದೈವವನ್ನು ನಾನು ಹೊಗಳುತ್ತಾ ಕೂರುವುದಿಲ್ಲ. ಆ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂರುವುದಿಲ್ಲ. ಮೇಲಿನ ಓಣಿಯವರು ಇವತ್ತಿಗೂ ಕಟ್ಟೆಯ ಕೆಳಗೇ ನಿಲ್ಲುತ್ತಾರೆ. ಪಟ್ಟಿ ಮಾತ್ರ ಅವರೂ ಕೊಡುತ್ತಾರೆ. ಅನುಭವ ಮಂಟಪದ ಹೆಸರು ಹೇಳದೆ ನಮ್ಮ ಜಿಲ್ಲೆಯಲ್ಲಿ ಭಾಷಣ ಮುಗಿಯೋದಿಲ್ಲ, ಕೂಡಲಸಂಗಮ ಇಲ್ಲೇ ಇದೆ. ಆದರೂ ಕಟ್ಟೆಯ ಕಥೆ ಇದು. ಅದಕ್ಕೇ ಗ್ರಾಮ ಸಭೆ ಬೇಕು ಅನ್ನೋದು. ಅಲ್ಲಿ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರೇ. ದೈವದ ಲೆಕ್ಕ ಓದುವ ರೂಢಿ ಉಳಿಸಿಕೊಂಡು, ಅದರ ಕಟ್ಟೆಯ ಎತ್ತರ ಬಿಟ್ಟುಬಿಟ್ಟರೆ ಆಯಿತು.

ನಮ್ಮ ತಪ್ಪೂ ಕಡಿಮೆ ಏನಿಲ್ಲ. ಗ್ರಾಮ ಸಭೆಗೆ ಬರುವವರಲ್ಲಿ ಮುಕ್ಕಾಲು ಜನ ತಮ್ಮ ಹೆಸರು ಮನೆ ಪಟ್ಟಿಯಲ್ಲಿದೆಯಾ ಅಂತ ನೋಡೋಕೆ ಬರುತ್ತಾರೆ. ಇಲ್ಲದಿದ್ದರೆ ಕುರ್ಚಿ ಎಸೆಯುತ್ತಾರೆ. ಚರಂಡಿ ಗುತ್ತಿಗೆ ಹಿಡಿದವ ನಮ್ಮ ಕಾಕಾನ ಮಗನೇ ಆಗಿರುತ್ತಾನೆ, ಸಿಮೆಂಟ್ ಎಷ್ಟು ಹಾಕಿದೆ ಅಂತ ಕೇಳೋಕೆ ಬಾಯಿ ಬರೋದಿಲ್ಲ. ಪಕ್ಷ ಬೇರೆ ಆದರೆ ಒಳ್ಳೆ ಕೆಲಸಕ್ಕೂ ಬರೋದಿಲ್ಲ. ಅಧ್ಯಕ್ಷೆ ಹೆಣ್ಣುಮಗಳಾದರೆ ಅವರ ಗಂಡನನ್ನೇ “ಅಧ್ಯಕ್ಷರೇ” ಅಂತ ಕರೆಯುತ್ತೇವೆ. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಅಂತ ಕಾನೂನು ಕೊಟ್ಟಿತು, ಆ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಟ್ಟವರು ನಾವು.

ಪಿಡಿಒ ಅವರ ಕಷ್ಟವನ್ನು ನಾನು ದಿನಾ ಎದುರಿನಿಂದ ನೋಡುತ್ತೇನೆ. ರಾತ್ರಿ ಎಂಟಕ್ಕೆ ನಾನು ಶಟರ್ ಎಳೆಯುವಾಗಲೂ ಅವರ ಕೋಣೆಯಲ್ಲಿ ಲೈಟ್ ಇರುತ್ತದೆ. ಆಸ್ತಿ ದಾಖಲೆಯ ಇ-ಸ್ವತ್ತು ಸರ್ವರ್ ರಾತ್ರಿಯೇ ಸರಿ ನಡೆಯೋದಂತೆ. ಬೆಳಿಗ್ಗೆ ತಾಲ್ಲೂಕಿನಲ್ಲಿ ಮೀಟಿಂಗ್, ಮಧ್ಯಾಹ್ನ ವಿಡಿಯೊ ಕಾನ್ಫರೆನ್ಸ್, ಸಂಜೆಗೆ ‘ಫೋಟೊ ಅಪ್‌ಲೋಡ್ ಮಾಡಿ’ ಅಂತ ವಾಟ್ಸಾಪ್. ಹಣವೂ ಕೈ ಬಿಚ್ಚಿ ಖರ್ಚು ಮಾಡುವಂತಿಲ್ಲ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 60 ರೂಪಾಯಿ ನೀರಿಗೆ, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಬಿಟ್ಟಿತ್ತು. ಉಳಿದ 40ರಲ್ಲಿ ಊರಿನ ಸಾವಿರ ಬೇಡಿಕೆ. ಇವರ ಮೇಲೆ ಜನ ರೇಗುತ್ತಾರೆ. ಮೇಲೆ ಕೇಳೋಣ ಅಂದರೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ. ನಮ್ಮ ಊರಿನ ಮಾತು ಮೇಲೆ ಹೋಗಿ ಹೇಳೋಕೆ ನಾವು ಓಟು ಹಾಕಿದ ಮನುಷ್ಯನೇ ಇರಲಿಲ್ಲ.

ಸರಿ, ಏನು ಮಾಡಬೇಕು ಅಂತೀಯಾ ಅಂತ ಕೇಳುತ್ತೀರಿ. ಹಣ ಜಾಸ್ತಿ ಬೇಡುವ ಮಾತಲ್ಲ ಇದು.

ಯಾವುದೇ ಕಾಮಗಾರಿಗೆ ಎಸ್ಟಿಮೇಟ್ ಬರೆಯುವ ಮೊದಲು ಆ ಓಣಿಯಲ್ಲಿ ಒಂದು ಸಲ ನಡೆಯಿರಿ. ಬೈಕ್ ಬಿಟ್ಟು ನಡೆಯಿರಿ. ನೀರಿನ ಕೆಲಸ ಆದರೆ ನೀರು ಬಿಡುವವ ಜೊತೆಗಿರಲಿ. ಚರಂಡಿ ಆದರೆ ಚರಂಡಿ ಬಳಿಯುವವರು ಇರಲಿ, ಮಳೆ ಬಂದಾಗ ಎಲ್ಲಿ ಉಕ್ಕುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗನವಾಡಿ ಆದರೆ ಮಕ್ಕಳ ತಾಯಂದಿರು. ಶಾಲೆ ಆದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಇದ್ದೇ ಇದೆ. ಬರೆದ ಎಸ್ಟಿಮೇಟನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ದುಡ್ಡು, ಯಾವಾಗ ಮುಗಿಯಬೇಕು. ಹದಿನೈದು ದಿನ ಆ ಓಣಿಯ ಹಿಟ್ಟಿನ ಗಿರಣಿ ಬಾಗಿಲಿಗೆ ಅಂಟಿಸಿ. ಪಂಚಾಯಿತಿ ನೋಟಿಸ್ ಬೋರ್ಡ್ ಯಾರೂ ಓದೋದಿಲ್ಲ. ಗಿರಣಿಯಲ್ಲಿ ಹಿಟ್ಟು ಆಗುವ ತನಕ ಎಲ್ಲರೂ ನಿಂತಿರುತ್ತಾರೆ, ಓದು ಬಂದವರು ಬಾರದವರಿಗೆ ಓದಿ ಹೇಳುತ್ತಾರೆ.

ಸಭೆಯ ಹೊತ್ತು ಬದಲಿಸಿ. ಬೆಳಿಗ್ಗೆ 11ಕ್ಕೆ ಕೂಲಿಯವರು ಹೊಲದಲ್ಲಿರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ನಿಮ್ಮ ಭಾಷಣ ಕೇಳೋಕೆ ಯಾರು ಬರುತ್ತಾರೆ? ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡೋದಿಲ್ಲ. ಅಮಾವಾಸ್ಯೆಗೂ ಇಲ್ಲ. ಆ ದಿನ ರೈತರು ಊರಲ್ಲೇ ಸಿಗುತ್ತಾರೆ. ವಾರ್ಡ್ ಸಭೆಗಳನ್ನು ಸೋಮವಾರ ಸಂಜೆಗೆ ಇಟ್ಟು ನೋಡಿ. ಹೆಣ್ಣುಮಕ್ಕಳಿಗೆ ಸಂಜೆ ಅಂದರೆ ರೊಟ್ಟಿ ಬಡಿಯುವ ಹೊತ್ತು. ಅವರನ್ನು ನಿಮ್ಮ ಸಭೆಗೆ ಕರೆಯುವ ಬದಲು ಅವರ ಸಭೆಗೆ ನೀವೇ ಹೋಗಿ. ವಾರಕ್ಕೊಮ್ಮೆ ಊಟ ಆದ ಮೇಲೆ ಸ್ವಸಹಾಯ ಸಂಘದವರು ಕೂಡುತ್ತಾರೆ. ನಮ್ಮ ಓಣಿಯ ಸಂಘದ ಪುಸ್ತಕ ನಾನು ನೋಡಿದ್ದೇನೆ, ಪ್ರತಿ ತೆಗೆಸೋಕೆ ತರುತ್ತಾರೆ. ಯಾರ ಸಾಲ ಎಷ್ಟು, ಯಾವ ವಾರದ ಕಂತು ಯಾರು ತಪ್ಪಿಸಿದರು, ದಂಡ ಎಷ್ಟು, ಒಂದು ರೂಪಾಯಿ ಆಚೀಚೆ ಇರೋದಿಲ್ಲ. ಇಂಥ ಲೆಕ್ಕದವರು ನಮ್ಮ ನೀರಿನ ಸಮಿತಿಯಲ್ಲಿ ಹೆಸರಿಗೆ ಮಾತ್ರ ಇದ್ದಾರೆ. ಅರ್ಧ ಸ್ಥಾನ ಅವರದೇ ಅಂತ ನಿಯಮ ಇದ್ದರೂ.

ಠರಾವು ಅಲ್ಲೇ ಬರೆಯಿರಿ, ಗಟ್ಟಿಯಾಗಿ ಓದಿ, ಆಮೇಲೆ ಸಹಿ ತಗೊಳ್ಳಿ. ಇದು ನನ್ನ ಮುಖ್ಯ ಬೇಡಿಕೆ. ಬೇರೇನೂ ಮಾಡಲಿಲ್ಲ ಅಂದರೂ ಇದೊಂದನ್ನು ಮಾಡಿ. ಖಾಲಿ ಹಾಳೆಗೆ ಸಹಿ ಮಾಡಿದವನಾಗಿ ಹೇಳುತ್ತಿದ್ದೇನೆ.

ಜನ ಕೇಳಿದ್ದು ಆಗೋದಿಲ್ಲ ಅನ್ನಿ, ಪರವಾಗಿಲ್ಲ. ಯಾಕೆ ಆಗೋದಿಲ್ಲ ಅಂತ ಮುಂದಿನ ಸಭೆಯಲ್ಲಿ ಹೇಳಿ. ಮೇಲಿನ ಓಣಿಯ ಒಬ್ಬ ಅಜ್ಜಿ ಬೀದಿ ದೀಪ ಬೇಕು ಅಂತ ಎದ್ದು ನಿಂತು ಕೇಳಿದಳು. ಬರೆದುಕೊಂಡರು. ಮುಂದಿನ ಸಭೆಯಲ್ಲೂ ಕೇಳಿದಳು. ಬರೆದುಕೊಂಡರು. ಮೂರನೇ ಸಭೆಗೆ ಅಜ್ಜಿ ಬರಲಿಲ್ಲ. ಬಜೆಟ್ ಇಲ್ಲ ಅಂದಿದ್ದರೂ ಅವಳು ಬರುತ್ತಿದ್ದಳು.

ದಾನಿಗಳ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಸಿಮೆಂಟ್ ಕಾರ್ಖಾನೆಗಳಿವೆ. ಅವರು ಊರಿಗೆ ಏನಾದರೂ ಕೊಡುವಾಗ ಪಂಚಾಯಿತಿಯ ಮೂಲಕ ಕೇಳಿ ಕೊಟ್ಟರೆ ಒಳ್ಳೆಯದು. ನಮ್ಮೂರಲ್ಲಿ ಒಂದು ಶುದ್ಧ ಕುಡಿಯುವ ನೀರಿನ ಘಟಕ ಇದೆ. ಯಾರು ಕೊಟ್ಟರು ಅಂತ ಹೇಳೋದಿಲ್ಲ. ಫಿಲ್ಟರ್ ಕೆಟ್ಟು ನಿಂತಿದೆ. ರಿಪೇರಿ ಯಾರದು ಅಂತ ಕೊಡುವಾಗಲೇ ಯಾರೂ ಮಾತಾಡಿರಲಿಲ್ಲ. ಈಗ ಅದರ ನೆರಳಲ್ಲಿ ಆಡು ಮಲಗುತ್ತವೆ.

ಮುಂದಿನ ಗ್ರಾಮ ಸಭೆ ಯಾವಾಗ ಅಂತ ಇನ್ನೂ ಡಂಗುರ ಆಗಿಲ್ಲ. ನಮ್ಮ ಪಂಚಾಯಿತಿಯವರೂ ಇದನ್ನು ಓದುತ್ತಾರೆ ಅಂತ ಗೊತ್ತು, ಯಾರೋ ಒಬ್ಬರು ಇದನ್ನು ಪ್ರಿಂಟ್ ತೆಗೆಸೋಕೆ ನನ್ನ ಅಂಗಡಿಗೇ ಬರುತ್ತಾರೆ. ಅವರಿಗೆ ಹೇಳೋದು ಇಷ್ಟು. ಸಭೆಗೆ ಎಂಟು ದಿನ ಮೊದಲು ವಿಷಯ ಪಟ್ಟಿ ಕೊಡಿ. ಯಾವ ಕೆಲಸ, ಯಾವ ಓಣಿ, ಎಷ್ಟು ದುಡ್ಡು. ಒಂದು ಪುಟ ಸಾಕು. ಓಣಿಗೆ ಹತ್ತರಂತೆ ಪ್ರತಿ ನಾನು ಪುಕ್ಕಟೆ ತೆಗೆದುಕೊಡುತ್ತೇನೆ. ಗಿರಣಿ ಬಾಗಿಲಿಗೆ ನಾನೇ ಹೋಗಿ ಅಂಟಿಸುತ್ತೇನೆ. ಬ್ಯಾನರನ್ನೂ ಹೊಸದಾಗಿ ಮಾಡಿಕೊಡುತ್ತೇನೆ, ದಿನಾಂಕ ಅಚ್ಚು ಹಾಕಿ. ಕರೆಂಟ್ ಬೆಳಿಗ್ಗೆ ಆರರಿಂದ ಹತ್ತರ ತನಕ ಇರುತ್ತದೆ. ಅಷ್ಟರೊಳಗೆ ಕಳುಹಿಸಿ.

ಇಂತಿ,
ನೀರು ಮತ್ತು ನೈರ್ಮಲ್ಯ ಸಮಿತಿಯ ಏಳನೇ ನಂಬರ್ ಸದಸ್ಯ
ಪಂಚಾಯಿತಿ ಎದುರಿನ ಝೆರಾಕ್ಸ್ ಅಂಗಡಿ
ಬಾಗಲಕೋಟೆ ಜಿಲ್ಲೆ